ಬ್ರೇಕ್ ದೀಪದೊಳಗಿನ ಅಕ್ಷತೆ

"ದೀಪ ಎಲ್ಲಾ ಬೆಳ್ಳನೆ ಎಲ್‌ಇಡಿ ಆಗಬೇಕು ಕಣವ್ವ. ಮುಂದಿಂದು, ಹಿಂದಿಂದು, ಅಕ್ಕಪಕ್ಕದ್ದು, ಒಂದೂ ಬಿಡಬ್ಯಾಡ" ಎನ್ನುತ್ತಲೇ ಕಾರಿನ ಯಜಮಾನರು ಗುರುವಾರ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಇಳಿದರು. ಚನ್ನಗಿರಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಹೆಂಗಸು ಎಂದರೆ ನಾನೊಬ್ಬಳೇ. ಹೊಸಬರು ಬಂದರೆ "ಮೇಸ್ತ್ರಿ ಎಲ್ಲಿ?" ಎಂದು ನನ್ನನ್ನೇ ಕೇಳುತ್ತಾರೆ. ಇವರು ಹೊಸಬರಲ್ಲ, ನಮ್ಮ ಓಣಿಯವರು. ನಾನು ಅವರನ್ನು ಮಾವ ಎನ್ನುತ್ತೇನೆ.

ಅವರ ಉದ್ದನೆಯ ಬಿಳಿ ಕಾರು ನಮ್ಮ ಕಡೆಯವರಿಗೆಲ್ಲ ಗೊತ್ತು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅದಕ್ಕೆ ಒಂದೇ ಕೆಲಸ. ಮದುಮಗಳನ್ನು ಕೂರಿಸಿಕೊಂಡು ಗಂಡಿನ ಊರಿಗೆ ಬಿಟ್ಟು ಬರುವುದು. ನಲ್ಲೂರು, ಉಬ್ರಾಣಿಯ ಹುಡುಗಿಯರು ಹೊನ್ನಾಳಿಗೆ, ನ್ಯಾಮತಿಗೆ ಹೋದದ್ದು ಆ ಕಾರಿನಲ್ಲಿಯೇ. ನಾನೂ ಅದರಲ್ಲೇ ಹೋದವಳು. ಹೊನ್ನಾಳಿಯ ಸೇತುವೆ ದಾಟುವಾಗ ಕಿಟಕಿಯಿಂದ ಬಗ್ಗಿ ಹೊಳೆ ನೋಡಿದ್ದೆ. ನೀರಿನ ಮೇಲೆ ಸಂಜೆಯ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಮೂರು ವರ್ಷಕ್ಕೆ ಬಸ್ಸಿನಲ್ಲಿ ವಾಪಸು ಬಂದೆ. ಆ ಕಥೆ ಇಲ್ಲಿ ಬೇಡ.

ಈಗ ಅವರ ಮಗಳ ಸರದಿ. ಸೋಮವಾರ ಜಗಳೂರಿನಲ್ಲಿ ಮದುವೆ. ಭಾನುವಾರ ಸಂಜೆ ನಾಲ್ಕಕ್ಕೆ ಇಲ್ಲಿಂದ ಹೊರಟರೆ ಜಗಳೂರು ಮುಟ್ಟುವಾಗ ಕತ್ತಲಾಗಿರುತ್ತದೆ. ನಿಶ್ಚಿತಾರ್ಥದ ದಿನ ಗಂಡಿನ ಸೋದರಮಾವ ಈ ಕಾರಿನ ಸುತ್ತ ಒಂದು ಸುತ್ತು ಬಂದು, "ಈ ಮಂಕು ದೀಪ ಹಚ್ಕೊಂಡು ನಮ್ಮೂರು ಮುಟ್ತೀರೇನ್ರೀ? ಬ್ಯಾಡ ಬಿಡ್ರಿ, ನಮ್ಮ ಗಾಡಿ ಕಳಿಸ್ತೀವಿ" ಎಂದಿದ್ದರಂತೆ.

"ಊರ ಹೆಣ್ಣುಮಕ್ಕಳನ್ನೆಲ್ಲ ನಾನು ಬಿಟ್ಟು ಬಂದೀನಿ. ನನ್ನ ಮಗಳನ್ನ ಇನ್ಯಾವನೋ ಡ್ರೈವರ್ ಕರಕೊಂಡು ಹೋಗಬೇಕಾ?" ಎಂದರು ಮಾವ. ಸಿಟ್ಟಿನಿಂದ ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿಕೊಂಡು ನಿಂತಿದ್ದರು. "ಶನಿವಾರ ಸಂಜೆ ಒಳಗೆ ದೀಪ ಆದ್ರೆ ಅವರಿಗೆ ಫೋನ್ ಮಾಡಿ ಬ್ಯಾಡ ಅಂತೀನಿ. ಆಗದಿದ್ರೆ ಅವರ ಗಾಡಿ ಬರ್ತೈತೆ."

ಬಿಳಿ ಬೆಳಕೆಂದರೆ ನನಗೆ ಅಷ್ಟಕ್ಕಷ್ಟೆ. ಚಿಕ್ಕಂದಿನಿಂದಲೂ ನನಗೆ ಬಣ್ಣದ ದೀಪಗಳ ಹುಚ್ಚು. ಇಂಡಿಕೇಟರಿನ ಕಿತ್ತಳೆ ಬಣ್ಣ ಗೋಡೆಯ ಮೇಲೆ ಬಂದು ಹೋಗುವುದನ್ನು ನೋಡುತ್ತ ಕುಳಿತು ಅಪ್ಪನ ಕೈಯಲ್ಲಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಆದ್ದರಿಂದ ಮೊದಲು ವಾದಕ್ಕೇ ಇಳಿದೆ.

"ಹಿಂದಿನ ಕೆಂಪು ಗ್ಲಾಸಿನ ಒಳಗೆ ಬಿಳಿ ಎಲ್‌ಇಡಿ ಹಾಕಿದ್ರೆ ಕೆಂಪು ಬರಲ್ಲ ಮಾವ, ಪೇಲವ ಗುಲಾಬಿ ಆಗ್ತೈತೆ. ಕೆಂಪಿಗೆ ಕೆಂಪು, ಹಳದಿಗೆ ಹಳದಿ ಹಾಕಬೇಕು. ಬಿಳಿ ಬೇಕಂದ್ರೆ ನಂಬರ್ ಪ್ಲೇಟಿಗೆ, ರಿವರ್ಸಿಗೆ ಹಾಕೋಣ, ಆತಾ?"

"ನಿನಗೆ ಹೆಂಗೆ ಸರಿ ಕಾಣ್ತೈತೋ ಹಂಗೆ ಮಾಡವ್ವ. ಆದ್ರೆ ಮುಂದಿನ ದೀಪ ಮಾತ್ರ ಹೊಳಿಬೇಕು ನೋಡು" ಎಂದು ಕೀಲಿಕೈ ನನ್ನ ಕೈಗಿಟ್ಟು ಲಗ್ನಪತ್ರಿಕೆ ಹಂಚಲು ಹೋದರು.

ಮುಂದಿನಿಂದಲೇ ಶುರು ಮಾಡಿದೆ. ಹೆಡ್‌ಲೈಟಿನ ಬೆನ್ನಿಗಿರುವ ರಬ್ಬರ್ ಟೋಪಿ ಬಿಚ್ಚಿ, ತಂತಿಯ ಕ್ಲಿಪ್ ಸರಿಸಿ, ಹಳೆಯ ಹ್ಯಾಲೋಜನ್ ಬಲ್ಬು ತೆಗೆದು ಎಲ್‌ಇಡಿ ಕೂರಿಸಿದೆ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಅಂಗಡಿಯ ಎದುರಿನ ಖಾಲಿ ಗೋದಾಮಿನ ಗೋಡೆಗೆ ಇಪ್ಪತ್ತೈದು ಅಡಿ ದೂರದಲ್ಲಿ ಕಾರು ನಿಲ್ಲಿಸಿದೆ. ದೀಪದ ಎತ್ತರ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಡಿಮ್ ಹಾಕಿದಾಗ ಬೆಳಕು ಆ ಗೆರೆಯ ಕೆಳಗೇ ನಿಲ್ಲಬೇಕು. ನಿಲ್ಲಲಿಲ್ಲ. ಗೆರೆ ದಾಟಿ, ಕಿಟಕಿ ದಾಟಿ, ಸೂರಿನ ಹಂಚಿನವರೆಗೂ ಚೆಲ್ಲಿಕೊಂಡಿತು. ಎಲ್‌ಇಡಿಯ ಬೆಳಕು ಕೊಡುವ ಚಿಪ್‌ಗಳು ಎಡಕ್ಕೂ ಬಲಕ್ಕೂ ನೋಡುವ ಹಾಗೆ ತಿರುಗಿಸಿ ಕೂರಿಸಿದೆ. ಸ್ವಲ್ಪ ತಗ್ಗಿತು, ಸಾಲಲಿಲ್ಲ. ಆ ಹೆಡ್‌ಲೈಟಿನ ಒಳಗಿನ ಕನ್ನಡಿ ಹಳೆಯ ಬಲ್ಬಿನೊಳಗೆ ಉರಿಯುವ ತಂತಿಗೆಂದೇ ಮಾಡಿದ್ದು. ಬೇರೆ ಬೆಳಕನ್ನು ಅದು ಹಿಡಿದು ದಾರಿಗೆ ಹಾಕಲಾರದು. ಎದುರು ಬರುವ ಲಾರಿಯವನ ಕಣ್ಣಿಗೆ ಇದು ನೇರ ಹೊಡೆಯುತ್ತದೆ. ಮದುವೆ ಮನೆಗೆ ಹೊರಟ ಗಾಡಿಯಿಂದ ಅಂಥ ಕೆಲಸ ಮಾಡಿಸಲು ನನಗೆ ಮನಸ್ಸು ಬರಲಿಲ್ಲ.

ಆಗ ಒಂದು ಯೋಚನೆ ಬಂತು. ಹಳೆಯ ಬಲ್ಬು ತಿರುಗಿ ಹಾಕಿ ಅದರ ಹೋಲ್ಡರಿಗೆ ಮೀಟರ್ ಹಿಡಿದೆ. ಬ್ಯಾಟರಿಯಲ್ಲಿದ್ದಷ್ಟು ವೋಲ್ಟು ಅಲ್ಲಿಗೆ ಬಂದೇ ಇರಲಿಲ್ಲ. ಸವೆದ ವೈರು, ಕರಕಲಾದ ಸ್ವಿಚ್ಚು ದಾರಿಯಲ್ಲೇ ತಿಂದುಹಾಕುತ್ತಿದ್ದವು. ಶುಕ್ರವಾರ ಬೆಳಗಿನ ಜಾವ, ಕತ್ತಲಿರುವಾಗಲೇ, ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು, ನಡುವೆ ಫ್ಯೂಸು, ಸ್ವಿಚ್ಚಿನ ಭಾರ ತಾನು ಹೊರುವ ರಿಲೇ ಕೂರಿಸಿ, ಅದೇ ಹ್ಯಾಲೋಜನ್ ಬಲ್ಬಿನ ಹೊಸ ಜೊತೆ ಹಾಕಿದೆ. ಎಷ್ಟೋ ವರ್ಷದಿಂದ ಅರೆಹೊಟ್ಟೆಯಲ್ಲಿದ್ದ ದೀಪ ಹೊಟ್ಟೆ ತುಂಬ ಉಂಡ ಹಾಗೆ ಬೆಳಗಿತು. ಬೆಳಕು ಸೀಮೆಸುಣ್ಣದ ಗೆರೆಯ ಕೆಳಗೆ ಅಚ್ಚುಕಟ್ಟಾಗಿ ಕೂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಗೋಡೆ ನೋಡುತ್ತ ಹಾಗೇ ನಿಂತುಬಿಟ್ಟೆ. ಪಕ್ಕದ ಪಂಕ್ಚರ್ ಅಂಗಡಿಯವರು "ಏನ್ರಕ್ಕಾ, ಗೋಡೆ ಮ್ಯಾಲೆ ಸಿನಿಮಾ ಬಿಟ್ಟಾರಾ?" ಎಂದು ಕೂಗಿದರು.

ಇಂಡಿಕೇಟರುಗಳು ಎರಡನೆಯ ತೊಡಕು. ಹಳದಿ ಎಲ್‌ಇಡಿ ಹಾಕಿ ಸ್ವಿಚ್ ಒತ್ತಿದರೆ ಅವು ಹುಚ್ಚು ಹಿಡಿದ ಹಾಗೆ ಪಟಪಟನೆ ಮಿನುಗಿದವು. ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲಾಶರ್, ಬಲ್ಬು ಎಳೆಯುವ ಕರೆಂಟಿನ ಲೆಕ್ಕದಲ್ಲಿ ಟಿಕ್ ಟಿಕ್ ಎನ್ನುವಂಥದ್ದು. ಎಲ್‌ಇಡಿ ಎಳೆಯುವುದು ತೀರಾ ಕಡಿಮೆ, ಹಾಗಾಗಿ ಬಲ್ಬೇ ಸುಟ್ಟುಹೋಗಿದೆ ಎಂದು ಅದು ಗಾಬರಿಯಾಗುತ್ತದೆ. ಅವಸರಕ್ಕೆ ಬಿದ್ದು ನಾನು ಹಿಂದಿನ ಎರಡೂ ಬಲ್ಬಿನ ಪಕ್ಕಕ್ಕೆ ಒಂದೊಂದು ರೆಸಿಸ್ಟರ್ ಕಟ್ಟಿದೆ. ಹೆಚ್ಚಿನ ಕರೆಂಟು ಅದು ಎಳೆಯಲಿ, ಫ್ಲಾಶರಿಗೆ ಸಮಾಧಾನವಾಗಲಿ ಎಂದು. ಮಿನುಗುವುದೇನೋ ನಿಧಾನವಾಯಿತು, ಆದರೆ ಹತ್ತು ನಿಮಿಷಕ್ಕೆ ಡಿಕ್ಕಿಯಿಂದ ಸುಟ್ಟ ವಾಸನೆ ಎದ್ದಿತು. ರೆಸಿಸ್ಟರನ್ನು ತಗಡಿಗೆ ಬಿಗಿಯುವ ಬದಲು ಕಾರ್ಪೆಟ್ಟಿನ ಮೇಲೆ ಬಿಟ್ಟಿದ್ದೆ. ಕಾರ್ಪೆಟ್ಟಿನಲ್ಲಿ ನಾಲ್ಕಾಣೆಯಷ್ಟು ಅಗಲದ ಕರಿ ಕಲೆ. ನನ್ನನ್ನು ನಾನೇ ಚೆನ್ನಾಗಿ ಬೈದುಕೊಂಡು ಅವೆರಡನ್ನೂ ಕಿತ್ತೆಸೆದು, ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಶರ್ ತಂದು ಹಾಕಿದೆ. ಟಿಕ್, ಟಿಕ್. ಸಮಾಧಾನದ ಸದ್ದು.

ಆ ಮಧ್ಯಾಹ್ನ ಮದುಮಗಳು ನನಗೆ ಊಟ ತಂದಳು. ಕೈ ತುಂಬ ಹಸಿರು ಬಳೆ, ಮುಖದ ಮೇಲೆ ಅರಿಶಿನದ ಬಣ್ಣ ಇನ್ನೂ ಹೋಗಿರಲಿಲ್ಲ.

"ಅಕ್ಕಾ, ಆಗ್ತೈತಾ?"

"ಆಗ್ತೈತೆ. ನಿನಗ್ಯಾಕೆ ಇಷ್ಟು ಚಿಂತೆ? ಅವರ ಹೊಸ ಗಾಡೀಲಿ ಹೋದ್ರೆ ತಂಪಗೆ ಎ.ಸಿ. ಸಿಗ್ತಿತ್ತಲ್ಲ."

ಅವಳು ನಗಲಿಲ್ಲ. "ಬೇರೆ ಹುಡುಗೀರು ಅಪ್ಪನ ಹಿಂದೆ ಕುತ್ಕೊಂಡು ಅತ್ತಿದ್ದನ್ನೆಲ್ಲ ಅಪ್ಪ ಮನೆಗೆ ಬಂದು ಹೇಳ್ತಿದ್ರು. ಆ ಸೀಟಿನಾಗೆ ನನ್ನ ಸರದಿ ಯಾವಾಗ ಅಂತ ಸಣ್ಣಾಕಿದ್ದಾಗಿಂದ ಕಾದೀನಿ ಅಕ್ಕ" ಎಂದು ಡಬ್ಬಿ ಇಟ್ಟು ಹೊರಟಳು. ನಾನು ಅನ್ನ ಕಲಸುತ್ತ ಹಿಂದಿನ ಸೀಟನ್ನು ನೋಡಿದೆ. ಬಿಸಿಲು ಓರೆಯಾಗಿ ಬಿದ್ದು ದೂಳಿನ ಕಣಗಳು ಅಲ್ಲಿ ತೇಲುತ್ತಿದ್ದವು. ನಾನು ಬಲಗಡೆ ಕೂತಿದ್ದೆನೋ ಎಡಗಡೆಯೋ ಎಂದು ಬಹಳ ಹೊತ್ತು ನೆನಪು ಮಾಡಿಕೊಂಡೆ. ಹೊಳೆ ಕಂಡದ್ದು ಯಾವ ಕಿಟಕಿಯಿಂದ ಎಂಬುದು ಕೊನೆಗೂ ನೆನಪಾಗಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಅದೇ ಸಂಜೆ, ಹಿಂದಿನ ದೀಪಗಳಲ್ಲಿ. ಬ್ರೇಕಿಗೂ ಪಾರ್ಕಿಂಗಿಗೂ ಕೆಂಪು ಎಲ್‌ಇಡಿ, ನಂಬರ್ ಪ್ಲೇಟಿಗೆ ಬಿಳಿಯದು ಹಾಕಿ ಮುಗಿಸಿದ್ದೆ. ಬ್ರೇಕ್ ಪೆಡಲಿಗೆ ಒಂದು ಕೋಲು ಆನಿಸಿ ಹಿಂದೆ ಬಂದು ನೋಡಿದರೆ, ಎಡಗಡೆಯ ಬ್ರೇಕ್ ದೀಪ ಮಂಕಾಗಿತ್ತು. ಹತ್ತಬಾರದ ನಂಬರ್ ಪ್ಲೇಟಿನ ದೀಪ ನಿದ್ದೆಗಣ್ಣು ಬಿಟ್ಟ ಹಾಗೆ ಸಣ್ಣಗೆ ಹೊತ್ತಿಕೊಂಡಿತ್ತು. ಕೋಲು ತೆಗೆದೆ, ಎಲ್ಲ ಆರಿತು. ಮತ್ತೆ ಇಟ್ಟೆ, ಮತ್ತೆ ಅದೇ ಮಂಕು ಬೆಳಕು. ಮುಚ್ಚಂಜೆಯಲ್ಲಿ ಆ ಬೆಳಕು ಚೆಂದವೇ ಇತ್ತು, ಸುಳ್ಳು ಹೇಳಲಾರೆ. ಆದರೆ ಹಿಂದೆ ಬರುವವನಿಗೆ ಇದು ಬ್ರೇಕೋ ಬರೀ ಪಾರ್ಕಿಂಗೋ ತಿಳಿಯದು.

ಬಲ್ಬೇ ಕಳಪೆ ಎಂದುಕೊಂಡೆ. ಇದು ನಾನು ಮಾಡಿದ ದೊಡ್ಡ ತಪ್ಪು. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ ಬೇರೆ ಜೊತೆ ತಂದು ಹಾಕಿದೆ. ಅದೇ ಮಂಕು. ಅರ್ಧ ದಿನ ಹಾಳಾಯಿತು. ಆಮೇಲೆ, ಮೊದಲೇ ಮಾಡಬೇಕಾದ ಕೆಲಸ ಮಾಡಿದೆ. ಬ್ರೇಕ್ ಒತ್ತಿಟ್ಟು ಮೀಟರಿನ ಒಂದು ಕಡ್ಡಿಯನ್ನು ದೀಪದ ಅರ್ಥ್ ಪಟ್ಟಿಗೆ, ಇನ್ನೊಂದನ್ನು ಕಾರಿನ ತಗಡಿಗೆ ಮುಟ್ಟಿಸಿದೆ. ಅಲ್ಲಿ ಸೊನ್ನೆ ತೋರಿಸಬೇಕು. ಮುಳ್ಳು ನೆಗೆದು ನಿಂತಿತು. ದೀಪದಿಂದ ಕರೆಂಟು ಕಾರಿನ ಮೈಗೆ ಇಳಿಯುವ ದಾರಿಯೇ ಕಟ್ಟಿಹೋಗಿತ್ತು. ದಾರಿ ಸಿಗದ ಕರೆಂಟು ಪಕ್ಕದ ದೀಪಗಳ ಮೂಲಕ ನುಸುಳಿಕೊಂಡು ಹೋಗುತ್ತಿತ್ತು. ಹಳೆಯ ಬಲ್ಬುಗಳಿಗೆ ಅಷ್ಟು ಚೂರು ಕರೆಂಟು ಲೆಕ್ಕಕ್ಕಿಲ್ಲ, ಅವು ಸುಮ್ಮನಿರುತ್ತಿದ್ದವು. ಎಲ್‌ಇಡಿ ಅಷ್ಟಕ್ಕೇ ಎಚ್ಚರವಾಗುತ್ತದೆ. ಕಾಯಿಲೆ ಹಳೆಯದು, ಕಂಡದ್ದು ಈಗ.

ಆ ಪಟ್ಟಿ ದೀಪದ ಡಬ್ಬಿಯ ಒಳಗೆ, ಅಡಿಯಲ್ಲಿ ಇತ್ತು. ಹೊರಗಿನಿಂದ ಬೇರೆ ವೈರು ಬೆಸೆಯಲು ನೋಡಿದರೆ ಬೆಸುಗೆ ಹಿಡಿಯಲಿಲ್ಲ, ಪಟ್ಟಿಯ ಅಂಚು ಪುಡಿಪುಡಿಯಾಗಿ ಉದುರಿತು. ಇಡೀ ದೀಪವನ್ನು ಬಿಚ್ಚಿ ಹೊರಗೆ ತೆಗೆಯಬೇಕು. ಅದರ ನಾಲ್ಕು ಬೋಲ್ಟುಗಳು ತುಕ್ಕು ಹಿಡಿದು ತಗಡಿನೊಂದಿಗೆ ಒಂದಾಗಿದ್ದವು. ಕೆಂಪು ಗ್ಲಾಸು ಇಷ್ಟು ವರ್ಷದ ಬಿಸಿಲಿಗೆ ಹಪ್ಪಳವಾಗಿತ್ತು. ಅಂಥ ಗ್ಲಾಸು ಈಗ ಎಲ್ಲೂ ಸಿಗುವುದಿಲ್ಲ. ಗಂಟೆ ಮೂರಾಗಿತ್ತು. ಮಾವನನ್ನು ಕರೆಸಿದೆ.

"ಬಿಚ್ಚಿದ್ರೆ ಗ್ಲಾಸು ಒಡೆದ್ರೂ ಒಡೀಬಹುದು ಮಾವ. ಒಡೆದ್ರೆ ನಾಳೆ ಈ ಗಾಡಿ ಹೊರಡಂಗಿಲ್ಲ."

"ಬಿಚ್ಚದಿದ್ರೆ?"

"ಬಿಚ್ಚದಿದ್ರೆ ಹಳೇ ಬಲ್ಬ್ ಹಾಕಿ ಕೊಡ್ತೀನಿ. ಹತ್ತಿದಂಗೆ ಕಾಣ್ತೈತೆ. ಇಷ್ಟು ದಿನ ಹಂಗೇ ಓಡ್ಸಿದ್ರಲ್ಲ. ಆದ್ರೆ ಜಗಳೂರು ದಾರೀಲಿ, ಕತ್ತಲಾಗೆ, ಹಿಂದಿನ ಗಾಡಿಯವನಿಗೆ ನಿಮ್ಮ ಬ್ರೇಕ್ ಕಾಣ್ತೈತೆ ಅಂತ ನಾನು ಹೇಳಂಗಿಲ್ಲ."

ಮಾವ ಡಿಕ್ಕಿಯ ಅಂಚಿನ ಮೇಲೆ ಕೂತರು. ಎಲೆ ಅಡಿಕೆ ತೆಗೆದು, ಹಾಕಿಕೊಳ್ಳದೆ ಮತ್ತೆ ಚೀಲಕ್ಕೆ ಸೇರಿಸಿದರು. ಗಂಡಿನ ಸೋದರಮಾವನ ಗಾಡಿಯೇ ಬರಲಿ ಎಂದು ಬಿಟ್ಟರೆ ಯಾವ ತಲೆನೋವೂ ಇರಲಿಲ್ಲ. ನನಗೂ ಅದೇ ಸುಲಭ. ಆದರೆ ಅವರು ಹಾಗೆ ಹೇಳಿಬಿಟ್ಟಾರೆಂದು ನಾನು ಸ್ಪ್ಯಾನರನ್ನು ಕೈಯಿಂದ ಕೆಳಗಿಡಲಿಲ್ಲ.

"ಹಿಂದೆ ಕುತ್ಕೊಳ್ಳಾಕಿ ನನ್ನ ಮಗಳು" ಎಂದರು ಕೊನೆಗೆ. "ಬಿಚ್ಚವ್ವ. ಒಡೆದ್ರೆ ಒಡೀಲಿ."

ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದೆವು. ಬೆಸುಗೆ ಕಡ್ಡಿಯ ತುದಿಯಿಂದ ಒಂದೊಂದನ್ನೇ ಬಿಸಿ ಮಾಡಿದೆ. ಸ್ಪ್ಯಾನರಿನಿಂದ ಒಂದು ಎಳೆ ಬಿಡಿಸುವುದು, ಅರ್ಧ ಎಳೆ ಬಿಗಿಯುವುದು, ಮತ್ತೆ ಎಣ್ಣೆ. ಮೂರು ಬಂದವು. ನಾಲ್ಕನೆಯದು ಕಿರ್ ಎಂದಾಗ ಮಾವ ಕಣ್ಣು ಮುಚ್ಚಿಕೊಂಡರು. ತುಂಡಾದದ್ದು ಬೋಲ್ಟು, ಗ್ಲಾಸಲ್ಲ. ದೀಪ ನನ್ನ ಎರಡೂ ಕೈಗೆ ಬಂತು. ತಿರುಗಿಸಿ ಬಟ್ಟೆಯ ಮೇಲೆ ಬೋರಲು ಹಾಕಿದೆ.

ಒಳಗಿನಿಂದ ಅಕ್ಕಿಕಾಳು ಉದುರಿದವು.

ಅರಿಶಿನ ಹಚ್ಚಿದ ಅಕ್ಷತೆ. ಕೆಲವು ಬಣ್ಣ ಹೋಗಿ ಬೆಳ್ಳಗಾಗಿದ್ದವು, ಕೆಲವು ಇನ್ನೂ ಹಳದಿ. ಮದುಮಗಳ ತಲೆಯ ಮೇಲೆ ಬಿದ್ದ ಕಾಳುಗಳು ಸೀಟಿನ ಹಿಂದಿನಿಂದ ಡಿಕ್ಕಿಗೆ ಜಾರಿ, ದೀಪದ ಮುಚ್ಚಳ ಸಡಿಲವಾದ ಸಂದಿಯಿಂದ ಇಲ್ಲಿ ಸೇರಿಕೊಂಡಿದ್ದವು. ಡಬ್ಬಿಯ ತಳದಲ್ಲಿ ಕೆಂಪು ಹೆಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದು ನೋಡಿದೆ, ತುಕ್ಕಲ್ಲ. ಆರತಿ ನೀರು. ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಮಾಡಿದ ಆರತಿ ನೀರನ್ನು ಬೇರೆಯವರು ಚಕ್ರಕ್ಕೆ ಹಾಕಿ ಸುಮ್ಮನಾಗುತ್ತಾರೆ. ನಮ್ಮ ಹೆಂಗಸರು ಸುಮ್ಮನಾಗುವವರಲ್ಲ. ದೀಪ ಕಾರಿನ ಕಣ್ಣು, ಕಣ್ಣಿಗೆ ದೃಷ್ಟಿಯಾಗಬಾರದು ಎಂದು ಹಿಂದೆ ಮುಂದೆ ಎಲ್ಲ ದೀಪದ ಮೇಲೂ ಒಂದೊಂದು ಬೊಗಸೆ ಹುಯ್ಯುತ್ತಾರೆ. ಮದುವೆಗೊಂದು ಬೊಗಸೆಯಂತೆ ಇಳಿದ ಸುಣ್ಣದ ನೀರು ತಾಮ್ರದ ಪಟ್ಟಿಯನ್ನು ಮೆಲ್ಲಗೆ ತಿಂದಿತ್ತು.

"ಅಯ್ಯ, ಹರಸಿದ್ದೇ ಕೆಡಿಸ್ತಾ?" ಎಂದರು ಮಾವ.

ನನ್ನ ಮದುವೆಯ ದಿನ ಗಂಡನ ಮನೆ ಮುಂದೆ ಆರತಿ ಎತ್ತಿದವಳು ನಮ್ಮ ಅತ್ತೆ. ಹೊನ್ನಾಳಿಯಲ್ಲಿ ಅದೇ ಎಡಗಡೆಯ ದೀಪದ ಮೇಲೆ ಅವಳು ನೀರು ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಈ ಹೆಕ್ಕಳೆಯ ಯಾವುದೋ ಒಂದು ಪದರ ನನ್ನದು. ಪಾಲಿಶ್ ಪೇಪರ್ ಹಿಡಿದ ಕೈ ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಿಲ್ಲ. ದುಃಖವೇ ಆಯಿತು, ಆದರೆ ಅಳು ಬರುವಂಥ ದುಃಖವಲ್ಲ. ಆಮೇಲೆ ತಿಕ್ಕಲು ಶುರು ಮಾಡಿದೆ. ಕೆಂಪು ಪುಡಿ ಕೈಗೆ, ಸೀರೆಗೆ, ಮೂಗಿಗೆಲ್ಲ ಹತ್ತಿತು.

ತಗಡು ಬೆಳ್ಳಗೆ ಹೊಳೆಯುವ ತನಕ ತಿಕ್ಕಿದೆ. ಹೊಸ ತಾಮ್ರದ ಪಟ್ಟಿ ಕತ್ತರಿಸಿ ಕೂರಿಸಿ, ಅದಕ್ಕೆ ಬೆಸೆದ ವೈರನ್ನು ಡಿಕ್ಕಿಯೊಳಗಿನ ತಗಡಿಗೆ ಬೋಲ್ಟು ಹಾಕಿ ಬಿಗಿದೆ. ನೀರು ತಾಗದಂತೆ ಮೇಲೆ ಗ್ರೀಸು ಸವರಿದೆ. ಅಂಚಿಗೆ ಹೊಸ ರಬ್ಬರ್ ಪಟ್ಟಿ ಕೊಟ್ಟೆ. ದೀಪವನ್ನು ತಿರುಗಿ ಕೂರಿಸುವ ಮೊದಲು ಬಟ್ಟೆಯ ಮೇಲಿದ್ದ ಅಕ್ಷತೆಯನ್ನು ಮಾವನ ಮುಂದೆ ಹಿಡಿದೆ. ಅವರು ಐದು ಕಾಳು ಆರಿಸಿ ಕೊಟ್ಟರು. "ಇವನ್ನ ಒಳಗೇ ಬಿಡು. ಏನಾದ್ರೂ ಕೆಡ್ತೈತಾ?"

ಕೆಡುವುದಿಲ್ಲ. ಒಣಗಿದ ಅಕ್ಕಿಯಿಂದ ಕರೆಂಟು ಹರಿಯುವುದಿಲ್ಲ, ಎಲ್‌ಇಡಿ ಹಳೆಯ ಬಲ್ಬಿನಷ್ಟು ಕಾಯುವುದೂ ಇಲ್ಲ. ಗ್ಲಾಸಿನ ಕೆಳ ಅಂಚಿನಲ್ಲಿ ಒಂದು ತೊಟ್ಟು ಗೋಂದು ಹಚ್ಚಿ ಐದನ್ನೂ ಸಾಲಾಗಿ ಕೂರಿಸಿದೆ.

ಬಲಗಡೆಯದರ ಪಟ್ಟಿಗೂ ಮೀಟರ್ ಹಿಡಿದೆ. ಆ ಕಡೆಯ ರಬ್ಬರ್ ಅಂಚು ಹರಿದಿರಲಿಲ್ಲ, ಪಟ್ಟಿ ಗಟ್ಟಿಯಾಗಿತ್ತು. ಬೆಳಕು ಇಳಿಯುವ ಹೊತ್ತಿಗೆ ಮಾವ ಪೆಡಲ್ ಒತ್ತಿದರು. ಎಡ, ಬಲ ಎರಡೂ ಒಂದೇ ಕೆಂಪು. ನಂಬರ್ ಪ್ಲೇಟ್ ಕತ್ತಲಾಗಿಯೇ ಇತ್ತು. "ಹತ್ತೈತೆ!" ಎಂದು ಹಿಂದಿನಿಂದ ಕೂಗಿದೆ. ಅವರು ಕಾರಿನಿಂದ ಇಳಿಯದೆಯೇ ಜಗಳೂರಿಗೆ ಫೋನು ಮಾಡಿದರು. "ಬ್ಯಾಡ್ರಿ, ನಮ್ಮ ಗಾಡೀನೇ ಬರ್ತೈತೆ" ಎನ್ನುವಾಗ ಆ ದನಿಯ ಗತ್ತು ಕೇಳಬೇಕಿತ್ತು.

ಭಾನುವಾರ ನಾಲ್ಕಕ್ಕೆ ಓಣಿಯೆಲ್ಲ ಅವರ ಮನೆಯ ಮುಂದೆ ಸೇರಿತ್ತು. ಕಾರಿಗೆ ಸೇವಂತಿಗೆಯ ಸರ ಬಿಟ್ಟಿದ್ದರು. ಆರತಿ ತಟ್ಟೆ ಹಿಡಿದ ಹೆಂಗಸರು ಚಕ್ರ ಮುಗಿಸಿ ದೀಪದ ಕಡೆ ತಿರುಗಿದ್ದೇ ಮಾವ ಸ್ಟೀರಿಂಗ್ ಬಿಟ್ಟು ಹಾರಿ ಬಂದರು. "ಚಕ್ರಕ್ಕೆ ಎಷ್ಟಾದ್ರೂ ಹಾಕ್ರವ್ವ, ದೀಪಕ್ಕೆ ಒಂದು ತೊಟ್ಟೂ ಬ್ಯಾಡ!" ಎಲ್ಲರೂ ನಕ್ಕರು. ಹುಡುಗಿ ಹಿಂದಿನ ಸೀಟಿನಲ್ಲಿ ಕುಳಿತು ನಗುತ್ತ ಅಳುತ್ತಿದ್ದಳು.

ಮತ್ತೆ ಒಳಗೆ ಕೂತ ಮಾವ ಕಿಟಕಿಯಿಂದ ತಲೆ ಹಾಕಿ, "ಒಂದ್ಸಲ ಹಿಂದೆ ನಿಂತು ನೋಡವ್ವ" ಎಂದರು.

ನಾನು ಹಿಂದೆ ಹೋಗಿ ನಿಂತೆ. ಎಡ ಇಂಡಿಕೇಟರು, ಬಲ ಇಂಡಿಕೇಟರು, ರಿವರ್ಸು, ಎಲ್ಲ ಸರಿ. ಕೊನೆಗೆ ಬ್ರೇಕು. ಎರಡೂ ದೀಪ ಕೆಂಪಗೆ ಹೊತ್ತಿದವು. ಎಡಗಡೆಯ ಗ್ಲಾಸಿನ ಅಂಚಿನಲ್ಲಿ ಐದು ಕಾಳಿನ ನೆರಳು ಸಣ್ಣಗೆ ಕಂಡಿತು.

"ಹತ್ತೈತೆ ಮಾವ, ಹೊರಡ್ರಿ!"

ಇಂಜಿನ್ ಶುರುವಾಯಿತು. ಗೇರು ಬಿದ್ದ ಸದ್ದು ಕೇಳಿತು. ಮುಂದೆ ನಿಂತವರು ದಾರಿ ಬಿಟ್ಟು ಕೈ ಬೀಸಿದರು. ಕಾರು ಅಲುಗಲಿಲ್ಲ. ಏನೋ ಕೆಟ್ಟಿತು ಎಂದು ಯಾರೋ ಗೊಣಗಿದರು. ಏನೂ ಕೆಟ್ಟಿರಲಿಲ್ಲ. ಎರಡು ಕೆಂಪು ದೀಪ ನನ್ನ ಎದುರಿಗೆ ಉರಿಯುತ್ತಲೇ ಇದ್ದವು. ಅಷ್ಟೊಂದು ಜನರಲ್ಲಿ ಹಿಂದೆ ನಿಂತವಳು ನಾನೊಬ್ಬಳೇ. ಮಾವ ಬ್ರೇಕಿನ ಮೇಲಿಂದ ಕಾಲು ತೆಗೆದಿರಲಿಲ್ಲ.

ಊರ ಹೆಣ್ಣುಮಕ್ಕಳನ್ನೆಲ್ಲ ಬಿಟ್ಟು ಬಂದ ಕಾಲು. ಗಾಜಿನಾಚೆ ಅವರ ನೆತ್ತಿ ಮಾತ್ರ ಕಾಣುತ್ತಿತ್ತು. ಮಗಳು ಮುಂದಕ್ಕೆ ಬಗ್ಗಿ ಅವರ ಹೆಗಲ ಮೇಲೆ ಕೈ ಇಟ್ಟಳು. ನಾನು ಎಷ್ಟು ಹೊತ್ತು ಹಾಗೇ ನೋಡುತ್ತ ನಿಂತಿದ್ದೆನೋ ಗೊತ್ತಿಲ್ಲ. ಆ ಬೆಳಕು ಹಗಲಿನಲ್ಲೂ ನನ್ನ ಕೈಯ ಮೇಲೆ, ಸೀರೆಯ ಮೇಲೆ ಸಣ್ಣಗೆ ಕೆಂಪಾಗಿ ಬಿದ್ದಿತ್ತು.

ಆಮೇಲೆ ಡಿಕ್ಕಿಯ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದೆ. "ಕಾಲು ತೆಗೀರಿ ಮಾವ" ಎಂದೆ, ಅವರಿಗೆ ಕೇಳಿಸಿತೋ ಇಲ್ಲವೋ.

ದೀಪ ಆರಿತು. ಕಾರು ಹೊರಟಿತು.